ಹಾಸಿಗೆಯಲ್ಲಿರುವವರ ಮಾತು



ದಯಾಮರಣದ ಬಗ್ಗೆ ಮಾತನಾಡಬೇಕು ಎಂದು ಸಂಘಟಕರು ಹೇಳಿದಾಗ ನನಗೆ ಮೊದಲು ನೆನಪಾದದ್ದು ನನ್ನ ಅಕ್ಕ. ತೀರ್ಪುಗಳೆಲ್ಲ ಆಮೇಲೆ ಬಂದವು. ಸಭೆಯಲ್ಲಿ ಮನೆಯ ವಿಷಯ ಎತ್ತಲು ಸಂಕೋಚವಿದೆ. ಆದರೆ ನಾನು ಇಂದು ಹೇಳಬೇಕಾದದ್ದೆಲ್ಲ ಅಲ್ಲಿಂದಲೇ ಹುಟ್ಟಿದ್ದು, ಹಾಗಾಗಿ ಕ್ಷಮಿಸಬೇಕು.

ಅಕ್ಕನ ಹೊಟ್ಟೆನೋವು ಕ್ಯಾನ್ಸರ್ ಎಂದು ಗೊತ್ತಾದ ದಿನ, ಮೂವತ್ತು ವರ್ಷ ಕಾನೂನು ಪಾಠ ಹೇಳಿದ ನಾನು ಡಾಕ್ಟರ ಕೋಣೆಯಲ್ಲಿ ಆಡಿದ ಮೊದಲ ಮಾತು, "ಅವರಿಗೆ ಹೇಳಬೇಡಿ ಡಾಕ್ಟ್ರೇ" ಎಂಬುದು. ಒಪ್ಪಿಗೆ ಎಂದರೇನು, ತಿಳಿದು ಕೊಡುವ ಒಪ್ಪಿಗೆ ಎಂದರೇನು ಎಂದು ತರಗತಿಯಲ್ಲಿ ಗಂಟೆಗಟ್ಟಲೆ ಹೇಳುತ್ತಿದ್ದವನು ನಾನೇ. ಅಕ್ಕನಿಗೆ ಕರುಳಿನ ಹುಣ್ಣು, ವಾಸಿಯಾಗುತ್ತದೆ ಎಂದೆವು. ಆಕೆ ನಮ್ಮ ಮುಖ ನೋಡಿ ಸುಮ್ಮನಾದಳು. ನಾಲ್ಕು ತಿಂಗಳ ಮೇಲೆ ಐಸಿಯುನಲ್ಲಿ ಒಂಬತ್ತು ದಿನ ವೆಂಟಿಲೇಟರ್ ಮೇಲಿದ್ದಳು. ಬಾಯಿಗೆ ಹಾಕಿದ ನಳಿಗೆಯನ್ನು ಕಿತ್ತುಕೊಳ್ಳುತ್ತಾಳೆಂದು ಎರಡೂ ಮುಂಗೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ಆ ಕೈಗಳು ಏನು ಹೇಳುತ್ತಿದ್ದವು ಎಂದು ನಾವ್ಯಾರೂ ಯೋಚಿಸಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ, "ಮನೆಗೆ ಕರಕೊಂಡು ಹೋಗೋದಾದರೆ ಹೋಗಿ" ಎಂದರು. ವೈದ್ಯರ ಸಲಹೆಗೆ ವಿರುದ್ಧವಾಗಿ ಒಯ್ಯುತ್ತಿದ್ದೇವೆ ಎಂಬ ಕಾಗದಕ್ಕೆ ಭಾವ ಸಹಿ ಹಾಕಿದರು. ಆಂಬುಲೆನ್ಸಿನಲ್ಲಿ ಹುಡುಗನೊಬ್ಬ ದಾರಿಯುದ್ದಕ್ಕೂ ಕೈಯಿಂದ ಗಾಳಿಚೀಲ ಒತ್ತುತ್ತಾ ಬಂದ. ಮನೆಯ ನಡುಮನೆಯಲ್ಲಿ ಮಲಗಿಸಿ, ತುಳಸಿ ನೀರು ಬಿಟ್ಟು, ಅವನು ಕೈ ತೆಗೆದ.

ಕಾನೂನಿನ ಪುಸ್ತಕದಲ್ಲಿ ಇದಕ್ಕೆ ಏನೆಂದು ಹೆಸರು? ಜೀವರಕ್ಷಕ ಸಾಧನವನ್ನು ಹಿಂತೆಗೆಯುವುದು, ಅಂದರೆ ನಿಷ್ಕ್ರಿಯ ದಯಾಮರಣ. ಅದಕ್ಕೆ ಮಂಡಳಿ, ಎರಡನೆಯ ಮಂಡಳಿ, ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಎಲ್ಲ ಬೇಕು. ಆದರೆ ಕರ್ನಾಟಕದ ಯಾವ ಜಿಲ್ಲೆಗೇ ಹೋಗಿ, ಆ ಒಂದು ಸಾಲಿನ ಕಾಗದದ ಮೇಲೆ, ತೀರಿಸಲಾಗದ ಬಿಲ್ಲಿನ ಭಯದಲ್ಲಿ, ಉಸಿರಿರುವಾಗಲೇ ಮನೆ ಮುಟ್ಟಿಸಬೇಕೆಂಬ ಆಸೆಯಲ್ಲಿ ಇದು ನಡೆಯುತ್ತಲೇ ಇದೆ. ಸಾಯುವ ಹಕ್ಕು ಇರಬೇಕೋ ಬೇಡವೋ ಎಂದು ನಾವು ವಾದಿಸುತ್ತಿರುವಾಗ, ಬೇರೆಯವರ ಸಾವನ್ನು ನಿರ್ಧರಿಸುವ ರೂಢಿ ನಮ್ಮ ಮನೆಗಳಲ್ಲಿ ಆಗಲೇ ಬೇರೂರಿದೆ. ಹಾಸಿಗೆಯಲ್ಲಿರುವವರನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕನ್ನಡದಲ್ಲಿ ಈ ವಿಷಯಕ್ಕೆ ಎರಡು ಪದಗಳು ಓಡಾಡುತ್ತಿವೆ. ದಯಾಮರಣ ಎಂದರೆ ದಯೆ ತೋರುವ ಇನ್ನೊಬ್ಬರಿರಬೇಕು. ಇಚ್ಛಾಮರಣ ಎಂದರೆ ಬಯಸುವವರು ಸಾಯುವವರೇ ಆಗಿರಬೇಕು. ಶರಮಂಚದ ಮೇಲೆ ಉತ್ತರಾಯಣಕ್ಕೆ ಕಾದ ಭೀಷ್ಮನನ್ನು ನಾವು ಇಚ್ಛಾಮರಣಿ ಎನ್ನುತ್ತೇವೆ. ಅವನಿಗೆ ಯಾರೂ ದಯೆ ತೋರಬೇಕಾಗಿರಲಿಲ್ಲ. ಪತ್ರಿಕೆಗಳಲ್ಲಿ ಎರಡೂ ಪದ ಒಂದೇ ಅರ್ಥದಲ್ಲಿ ಬರುತ್ತವೆ. ಹಾಗೆ ಬಳಸಿದಾಗ ಮೂರು ಬೇರೆ ಬೇರೆ ಸಂಗತಿಗಳು ಕಲಸಿಹೋಗುತ್ತವೆ: ಬೇಡವಾದ ಚಿಕಿತ್ಸೆಯನ್ನು ನಿಲ್ಲಿಸುವುದು ಒಂದು, ವೈದ್ಯರು ಬರೆದುಕೊಟ್ಟ ಔಷಧವನ್ನು ರೋಗಿ ತಾನೇ ಕುಡಿಯುವುದು ಇನ್ನೊಂದು, ವೈದ್ಯರೇ ಸೂಜಿ ಚುಚ್ಚುವುದು ಮತ್ತೊಂದು. ಭಾರತದಲ್ಲಿ ಕಾನೂನು ಒಪ್ಪುವುದು ಮೊದಲನೆಯದನ್ನು ಮಾತ್ರ. ಉಳಿದೆರಡೂ ಅಪರಾಧ.

ಈ ಕಾನೂನು ಬೆಳೆದ ಕಥೆ ನಮ್ಮ ಉತ್ತರ ಕನ್ನಡದ ಒಬ್ಬ ಹೆಣ್ಣುಮಗಳ ಹಾಸಿಗೆಯ ಸುತ್ತ ಸುತ್ತುತ್ತದೆ. ಅರುಣಾ ಶಾನಭಾಗ ಹೊನ್ನಾವರದ ಬಳಿಯ ಹಳದೀಪುರದವರು. ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದರು. 1973ರ ನವೆಂಬರ್ 27ರಂದು, ಅದೇ ಆಸ್ಪತ್ರೆಯ ಕಸ ಗುಡಿಸುವ ಕೆಲಸದವನು ನಾಯಿಯ ಸರಪಳಿಯನ್ನು ಅವರ ಕುತ್ತಿಗೆಗೆ ಬಿಗಿದು ಅತ್ಯಾಚಾರವೆಸಗಿದ. ಮಿದುಳಿಗೆ ರಕ್ತ, ಆಮ್ಲಜನಕ ನಿಂತುಹೋಯಿತು. ಅವನಿಗೆ ಶಿಕ್ಷೆಯಾದದ್ದು ಕೊಲೆಯತ್ನ ಮತ್ತು ದರೋಡೆಗಾಗಿ ಮಾತ್ರ. ಏಳು ವರ್ಷ ಕಳೆದು ಹೊರಬಂದ. ಅರುಣಾ ಅದೇ ಆಸ್ಪತ್ರೆಯ ವಾರ್ಡಿಗೆ ಸೇರಿದ ಕೋಣೆಯೊಂದರಲ್ಲಿ 42 ವರ್ಷ ಮಲಗಿದರು. ಅವರ ನಂತರ ಕೆಲಸಕ್ಕೆ ಸೇರಿದ ನರ್ಸ್‌ಗಳು, ಅವರು ನಿವೃತ್ತರಾದ ಮೇಲೆ ಬಂದವರು, ತಲೆಮಾರಿನ ಮೇಲೆ ತಲೆಮಾರು ಅವರನ್ನು ತೊಳೆದು, ಉಣ್ಣಿಸಿ, ಮಗ್ಗುಲು ಬದಲಿಸಿ, ಮೈಮೇಲೆ ಹಾಸಿಗೆ ಹುಣ್ಣು ಆಗದಂತೆ ನೋಡಿಕೊಂಡರು. ಇಲ್ಲಿರುವ ನರ್ಸಿಂಗ್ ವಿದ್ಯಾರ್ಥಿನಿಯರು ಆ ಮಾತನ್ನು ಸುಮ್ಮನೆ ದಾಟಿಹೋಗಬಾರದು. ಒಂದು ಹಾಸಿಗೆಯಲ್ಲಿ 42 ವರ್ಷ ಹುಣ್ಣಿಲ್ಲದೆ ಮಲಗಿಸುವುದು ಎಂಥ ಕೆಲಸವೆಂದು ನಿಮಗೇ ಹೆಚ್ಚು ಗೊತ್ತು.

ಅರುಣಾ ಅವರ ಬಗ್ಗೆ ಪುಸ್ತಕ ಬರೆದಿದ್ದ ಪತ್ರಕರ್ತೆ ಪಿಂಕಿ ವಿರಾನಿ, ಇನ್ನು ಬಲವಂತವಾಗಿ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟಿಗೆ ಹೋದರು. ನರ್ಸ್‌ಗಳು ಬೇಡವೆಂದರು. 2011ರ ಮಾರ್ಚ್ 7ರಂದು ನ್ಯಾಯಮೂರ್ತಿ ಮಾರ್ಕಂಡೇಯ ಕಟ್ಜು ಮತ್ತು ನ್ಯಾಯಮೂರ್ತಿ ಜ್ಞಾನ ಸುಧಾ ಮಿಶ್ರಾ ಅವರ ಪೀಠ, ಅರುಣಾ ಅವರ ಪರವಾಗಿ ಮಾತನಾಡುವ ಅಧಿಕಾರ ಅಷ್ಟು ವರ್ಷ ಸಾಕಿದ ಆಸ್ಪತ್ರೆಯ ಸಿಬ್ಬಂದಿಗೆ ಸೇರಿದ್ದೆಂದು ಹೇಳಿ ಅರ್ಜಿಯನ್ನು ತಳ್ಳಿಹಾಕಿತು. ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಅನುಮತಿ ಪಡೆದು ನಿಷ್ಕ್ರಿಯ ದಯಾಮರಣ ಕೊಡಬಹುದೆಂದು ದೇಶಕ್ಕೆಲ್ಲ ದಾರಿ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಆ ತೀರ್ಪನ್ನು ನಾನು ಹಲವು ಸಲ ಓದಿದ್ದೇನೆ. ನರ್ಸ್‌ಗಳ ಪ್ರೀತಿ ಅದರಲ್ಲಿದೆ, ಪತ್ರಕರ್ತೆಯ ಸಂಕಟ ಇದೆ, ವೈದ್ಯರ ಸಮಿತಿಯ ಪರೀಕ್ಷೆ ಇದೆ, ಹೊರದೇಶಗಳ ತೀರ್ಪುಗಳ ಸಾಲು ಇದೆ. ಅರುಣಾ ಅವರಿಗೆ ಏನು ಬೇಕಾಗಿತ್ತು ಎಂಬುದು ಮಾತ್ರ ಇಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಇಪ್ಪತ್ತೈದರ ಹುಡುಗಿ, ಮದುವೆ ನಿಶ್ಚಯವಾಗಿತ್ತು, ಸಾವಿನ ಬಗ್ಗೆ ಯಾರ ಬಳಿ ಏನು ಹೇಳಿರುತ್ತಾಳೆ? ಆದ್ದರಿಂದ ಅಲ್ಲಿ ನಡೆದ ವಾದ ಅರುಣಾ ಅವರ ಇಚ್ಛೆಯ ಬಗ್ಗೆ ಆಗಿರಲಿಲ್ಲ, ಅವರಿಗೆ ಹೆಚ್ಚು ಹತ್ತಿರದವರು ಯಾರು ಎಂಬುದರ ಬಗ್ಗೆ ಆಗಿತ್ತು. ನ್ಯಾಯಾಲಯವನ್ನು ನಾನು ದೂರುತ್ತಿಲ್ಲ. ಅದರ ಎದುರಿಗಿದ್ದ ಕಷ್ಟ ಅಂಥದ್ದು.

ಕಾನೂನಿನ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ಶಿಕ್ಷಿಸುತ್ತಿದ್ದ, ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು 1994ರಲ್ಲಿ ಹೇಳಿತು. ಎರಡೇ ವರ್ಷದಲ್ಲಿ, 1996ರ ಗ್ಯಾನ್ ಕೌರ್ ಪ್ರಕರಣದಲ್ಲಿ ಐವರ ಪೀಠ ಅದನ್ನು ತಿರುಗಿಸಿ, ಬದುಕುವ ಹಕ್ಕಿನಲ್ಲಿ ಸಾಯುವ ಹಕ್ಕು ಸೇರಿಲ್ಲ ಎಂದಿತು. ಆದರೆ ಸಹಜವಾಗಿ ಮುಗಿಯುತ್ತಿರುವ ಬದುಕಿನ ಕೊನೆಗೂ ಘನತೆ ಇದೆ ಎಂಬ ಒಂದು ಬಾಗಿಲನ್ನು ಮುಚ್ಚದೆ ಬಿಟ್ಟಿತು. ಆಮೇಲೆ ಬಂದದ್ದೆಲ್ಲ ಆ ಬಾಗಿಲಿನಿಂದಲೇ. 2017ರ ಆಗಸ್ಟ್ 24ರ ಖಾಸಗಿತನದ ತೀರ್ಪು ನಮ್ಮವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರು ಹೊತ್ತಿದೆ. ಆಧಾರ್ ವಿರುದ್ಧ ಹೂಡಿದ ಆ ಪ್ರಕರಣದಲ್ಲಿ ನ್ಯಾಯಮೂರ್ತಿ ಚೆಲಮೇಶ್ವರ್, ಬದುಕನ್ನು ಎಳೆದು ಉದ್ದ ಮಾಡುವ ಚಿಕಿತ್ಸೆಯನ್ನು ಬೇಡವೆನ್ನುವುದೂ ಖಾಸಗಿತನದ ವ್ಯಾಪ್ತಿಗೆ ಬರುತ್ತದೆ ಎಂದು ಬರೆದರು. ಮರುವರ್ಷ, 2018ರ ಮಾರ್ಚ್ 9ರಂದು, ಕಾಮನ್ ಕಾಸ್ ಸಂಸ್ಥೆ 2005ರಲ್ಲಿ ಹಾಕಿದ್ದ ಅರ್ಜಿಯ ಮೇಲೆ ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯುವುದು ಮೂಲಭೂತ ಹಕ್ಕು ಎಂದು ಹೇಳಿ, ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಲಿವಿಂಗ್ ವಿಲ್ ಅಥವಾ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಮಾನ್ಯತೆ ಕೊಟ್ಟಿತು.

ಸಹಾಯಪಡೆದ ಮರಣವನ್ನು ನಮ್ಮ ಕಾನೂನು ಒಪ್ಪುವುದಿಲ್ಲ ಎಂದೆ. ವೈದ್ಯರು ಔಷಧ ಕೊಟ್ಟು ರೋಗಿ ಕುಡಿದರೆ ಅದು ಆತ್ಮಹತ್ಯೆಗೆ ಪ್ರಚೋದನೆ. ಹಳೆಯ ಸಂಹಿತೆಯಲ್ಲಿ 306, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 108. ಆದರೆ ಒಂದು ಸಂಗತಿಯನ್ನು ಕಾನೂನು ವಿದ್ಯಾರ್ಥಿಗಳು ಗಮನಿಸಬೇಕು. 1860ರ ದಂಡ ಸಂಹಿತೆಯ 300ನೇ ಸೆಕ್ಷನ್ನಿಗೆ ಐದನೆಯ ವಿನಾಯಿತಿಯೊಂದಿತ್ತು: ಹದಿನೆಂಟು ದಾಟಿದವರು ತಮ್ಮ ಒಪ್ಪಿಗೆಯಿಂದಲೇ ಸತ್ತರೆ, ಕೊಂದವರದು ಕೊಲೆ ಎನಿಸುವುದಿಲ್ಲ, ಅದಕ್ಕಿಂತ ಕಡಿಮೆಯ ಅಪರಾಧ ಎನಿಸುತ್ತದೆ. ಹೊಸ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಅಂದರೆ ಸಾಯುವವರ ಒಪ್ಪಿಗೆಗೆ ತೂಕವಿದೆ ಎಂಬುದು ಈ ದೇಶದ ಕಾನೂನಿಗೆ ನೂರಾ ಅರವತ್ತು ವರ್ಷಗಳಿಂದ ಗೊತ್ತಿದೆ. ಎಷ್ಟು ತೂಕ ಎಂಬುದರಲ್ಲಿ ಜಗಳ.

ಈ ನೆಲದಲ್ಲಿ ಆ ಪ್ರಶ್ನೆ ಇಂಗ್ಲಿಷರ ಸಂಹಿತೆಗಿಂತ ಬಹಳ ಹಳೆಯದು. ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದವರು ಬಂಡೆಯ ಮೇಲಿನ ಶಾಸನಗಳನ್ನು ನೋಡಿರುತ್ತೀರಿ. ಅವುಗಳಲ್ಲಿ ಎಷ್ಟೋ, ಅನ್ನ ಬಿಟ್ಟು ಸಾವನ್ನು ಎದುರುಗೊಳ್ಳುವ ಜೈನರ ಸಲ್ಲೇಖನ ವ್ರತ ಕೈಗೊಂಡು ಮುಡಿಪಿದವರ ನೆನಪಿಗೆ ಕೊರೆದವು. ಮುನಿಗಳಿದ್ದಾರೆ, ಸನ್ಯಾಸಿನಿಯರಾದ ಕಂತಿಯರಿದ್ದಾರೆ, 982ರಲ್ಲಿ ಅಲ್ಲಿ ದೇಹ ಬಿಟ್ಟ ರಾಷ್ಟ್ರಕೂಟರ ಕೊನೆಯ ಅರಸ ನಾಲ್ವಡಿ ಇಂದ್ರನಿದ್ದಾನೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಲ್ಲೇಖನವೂ ಆತ್ಮಹತ್ಯೆಯೇ ಎಂದು ತೀರ್ಪು ಕೊಟ್ಟಾಗ ಆ ಬೆಟ್ಟದ ಬಂಡೆಗಳೆಲ್ಲ ಆರೋಪಿಗಳಾದಂತಾಯಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು.

ಜೈನ ಗುರು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಎಂಬ ಗ್ರಂಥ ಸಲ್ಲೇಖನಕ್ಕೆ ಇಡುವ ಷರತ್ತುಗಳನ್ನು ಇಂದಿನ ಕಾನೂನಿನ ಪಕ್ಕದಲ್ಲಿಟ್ಟು ನೋಡಬೇಕು. ಉಪಸರ್ಗ ಎಂದರೆ ಬಂದೆರಗಿದ ಆಪತ್ತು, ಬರಗಾಲ, ಮುಪ್ಪು, ರೋಗ; ಅದೂ ಪರಿಹಾರವೇ ಇಲ್ಲವೆಂದಾದಾಗ ಮಾತ್ರ. ಪರಿಹಾರವಿಲ್ಲದಿರಬೇಕು ಎಂಬ ಮಾತು, ಗುಣವಾಗುವ ಭರವಸೆ ಇರಬಾರದು ಎಂಬ ಸುಪ್ರೀಂ ಕೋರ್ಟಿನ ಷರತ್ತಿಗೆ ಎಷ್ಟು ಹತ್ತಿರ! ಅದಕ್ಕಿಂತ ಆಳವಾದದ್ದು ಅದೇ ಗ್ರಂಥ ಎಣಿಸುವ ದೋಷಗಳ ಪಟ್ಟಿ. ವ್ರತದಲ್ಲಿರುವಾಗ ಇನ್ನೂ ಬದುಕಬೇಕೆಂದು ಆಸೆಪಡುವುದು ದೋಷ. ಬೇಗ ಸಾಯಬೇಕೆಂದು ಆಸೆಪಡುವುದೂ ದೋಷ. ಅಂದರೆ ಸಾವಿನ ಬಯಕೆಯೂ ಆ ವ್ರತಕ್ಕೆ ಕಳಂಕ. ಜೊತೆಗೆ ಬಾಯಿ ಬಿಟ್ಟು ಕೇಳಬೇಕಾದವರು ವ್ರತ ಹಿಡಿಯುವವರೇ. ಗುರು ಅನುಮತಿ ಕೊಡಬಹುದು, ಅವರ ಪರವಾಗಿ ನಿರ್ಧರಿಸುವಂತಿಲ್ಲ.

ಇದನ್ನು ಹೊಗಳಿ ಮುಂದೆ ಹೋಗಿಬಿಡುವುದು ಸುಲಭ. ಆದರೆ ಅದೇ ಬೆಟ್ಟದ ಶಾಸನವೊಂದು ಹೊಯ್ಸಳ ರಾಣಿ ಶಾಂತಲಾದೇವಿಯ ತಾಯಿ ಮಾಚಿಕಬ್ಬೆಯ ಬಗ್ಗೆ ಹೇಳುತ್ತದೆ. 1131ರಲ್ಲಿ ಮಗಳು ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ತಾಯಿ ಬೆಳಗೊಳಕ್ಕೆ ಬಂದು ಗುರುಗಳ ಸನ್ನಿಧಿಯಲ್ಲಿ ಅನ್ನ ಬಿಟ್ಟು ಪ್ರಾಣ ಬಿಟ್ಟಳು. ಅದು ವ್ರತವೋ, ಸಂಕಟವೋ? ಮಗಳನ್ನು ಕಳೆದುಕೊಂಡ ತಾಯಿಯ ಇಚ್ಛೆಯನ್ನು ನಾವು ಸ್ವತಂತ್ರ ಇಚ್ಛೆ ಎನ್ನಬಹುದೇ? ಶಾಸನ ಆಕೆಯ ಧೈರ್ಯವನ್ನು ಕೊಂಡಾಡುತ್ತದೆ. ನನಗೆ ಆ ಸಾಲುಗಳನ್ನು ಓದುವಾಗಲೆಲ್ಲ ಆಕೆಯ ಪಕ್ಕದಲ್ಲಿ ಕುಳಿತು, "ತಾಯೀ, ಇನ್ನೊಂದು ವರ್ಷ ತಡೆಯಿರಿ" ಎನ್ನುವವರು ಯಾರಾದರೂ ಇದ್ದರೇ ಎಂದು ಕೇಳಬೇಕೆನಿಸುತ್ತದೆ.

ಹೊರದೇಶಗಳಲ್ಲಿ ಇಚ್ಛೆಗೆ ಹೆಚ್ಚಿನ ಅಧಿಕಾರ ಕೊಟ್ಟು ನೋಡಿದ್ದಾರೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ 1997ರಿಂದ, ಆರು ತಿಂಗಳಿಗಿಂತ ಹೆಚ್ಚು ಬದುಕಲಾರರೆಂದು ಇಬ್ಬರು ವೈದ್ಯರು ಹೇಳಿದ ವಯಸ್ಕ ರೋಗಿ ಔಷಧ ಬರೆಸಿಕೊಂಡು ತಾನೇ ಸೇವಿಸಬಹುದು. ನೆದರ್ಲೆಂಡ್ಸ್‌ನಲ್ಲಿ 2002ರ ಏಪ್ರಿಲ್‌ನಿಂದ ವೈದ್ಯರೇ ಸೂಜಿ ಚುಚ್ಚಬಹುದು. 2018ರ ಮೇ ತಿಂಗಳಲ್ಲಿ ಡೇವಿಡ್ ಗುಡಾಲ್ ಎಂಬ 104 ವರ್ಷದ ಸಸ್ಯವಿಜ್ಞಾನಿ, ಯಾವ ಮಾರಕ ರೋಗವೂ ಇಲ್ಲದಿದ್ದರೂ ಬದುಕು ಸಾಕೆಂದು, ಆಸ್ಟ್ರೇಲಿಯಾದಿಂದ ಸ್ವಿಟ್ಜರ್ಲೆಂಡಿಗೆ ಹೋಗಿ ಪ್ರಾಣ ಬಿಟ್ಟರು. ತನ್ನ ಮನೆಯಲ್ಲೇ ಸಾಯಲು ಬಿಡದೆ ಅಷ್ಟು ದೂರ ಬರುವಂತೆ ಮಾಡಿದರಲ್ಲ ಎಂಬುದೇ ಅವರ ಬೇಸರವಾಗಿತ್ತು. ಆ ಮನುಷ್ಯನ ಇಚ್ಛೆಯಲ್ಲಿ ನನಗೆ ಕೊರತೆ ಕಾಣುವುದಿಲ್ಲ. ಏನು ಬಯಸುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು.

ಕೆನಡಾದ ಅನುಭವ ನನ್ನನ್ನು ತಡೆಯುತ್ತದೆ. ಅಲ್ಲಿ 2016ರಲ್ಲಿ ಸಾವು ಸಮೀಪಿಸಿದವರಿಗೆಂದು ಶುರುವಾದ ಕಾನೂನು, 2021ರಲ್ಲಿ ಸಾವು ಸಮೀಪಿಸದವರಿಗೂ ವಿಸ್ತರಿಸಿತು. ಅಂಗವಿಕಲರ ಸಂಘಟನೆಗಳು ಅದನ್ನು ಬಲವಾಗಿ ವಿರೋಧಿಸಿದವು. ಯೋಗ್ಯವಾದ ಮನೆ ಸಿಗದೆ, ನೋಡಿಕೊಳ್ಳುವವರು ಸಿಗದೆ ಈ ದಾರಿ ಕೇಳಿದವರ ಸುದ್ದಿಗಳು ಅಲ್ಲಿನ ಪತ್ರಿಕೆಗಳಲ್ಲಿ ಬಂದವು. ಕೆನಡಾ ಬಡ ದೇಶವಲ್ಲ. ಅಲ್ಲಿ ಆಸ್ಪತ್ರೆಯ ಬಿಲ್ಲಿಗೆ ಹೊಲ ಮಾರುವವರಿಲ್ಲ.

ನಮ್ಮಲ್ಲಿ ಇದ್ದಾರೆ. "ಯಾರಿಗೂ ಭಾರವಾಗದೆ ಹೋಗಿಬಿಡಬೇಕಪ್ಪಾ" ಎಂಬ ಮಾತನ್ನು ಕೇಳದೆ ಬೆಳೆದವರು ಈ ಸಭೆಯಲ್ಲಿ ಒಬ್ಬರೂ ಇರಲಾರರು. ಅಜ್ಜಿಯರು ಹೇಳುತ್ತಾರೆ, ವಿಧವೆಯರು ಹೇಳುತ್ತಾರೆ, ಮಗನ ಮನೆಯ ಹಿಂದಿನ ಕೋಣೆಯಲ್ಲಿರುವವರು ಹೇಳುತ್ತಾರೆ. ಕೈಕಾಲು ಗಟ್ಟಿ ಇರುವಾಗಲೇ ಹೋಗಬೇಕು ಎನ್ನುತ್ತಾರೆ. ಅದು ಅವರ ಇಚ್ಛೆಯೇ? ಅವರ ಬಾಯಿಂದ ಬಂದದ್ದು ನಿಜ. ಆದರೆ ಅರ್ಧಕ್ಕರ್ಧ ಅದು ಸೊಸೆಯ ಮುಖ ಕಂಡು, ಮಗನ ಸಾಲ ಕಂಡು ಹುಟ್ಟಿದ ಮಾತು. ಅಂಥ ಮಾತಿಗೆ ಕಾನೂನಿನ ಮುದ್ರೆ ಒತ್ತಿ, ನೀವೇ ಕೇಳಿದ್ದಿರಲ್ಲ ಎನ್ನುವ ದಿನ ಬರಬಾರದೆಂದು ನನಗೆ ಭಯವಿದೆ.

ನೋವು ತಗ್ಗಿಸಿದರೆ ಸಾವು ಬೇಡುವವರೇ ಇರುವುದಿಲ್ಲ ಎಂದು ನನ್ನ ವೈದ್ಯ ಮಿತ್ರರು ಕೆಲವರು ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಆರೆಗಾನ್‌ನಲ್ಲಿ ವರ್ಷವರ್ಷವೂ ಪ್ರಕಟವಾಗುವ ವರದಿಗಳಲ್ಲಿ ಜನ ಹೆಚ್ಚಾಗಿ ಹೇಳುವ ಕಾರಣ ತಮ್ಮ ಬದುಕಿನ ಹಿಡಿತ ತಪ್ಪಿತೆಂಬುದು, ಇಷ್ಟದ ಕೆಲಸ ಮಾಡಲಾಗದೆಂಬುದು. ನೋವಿನ ಮಾತು ಅದಕ್ಕಿಂತ ಕೆಳಗೆ ಬರುತ್ತದೆ. ಆದರೂ ನೋವನ್ನೇ ತಗ್ಗಿಸದ ನಾಡಿನಲ್ಲಿ ನಿಂತು ಹಿಡಿತದ ಬಗ್ಗೆ ಮಾತನಾಡುವುದು ಹೇಗೆ? ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಹೊಲಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆಯುವ ದೇಶ ನಮ್ಮದು. 1985ರ ಮಾದಕವಸ್ತು ಕಾಯ್ದೆಯ ಭಯಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದವು. 2014ರಲ್ಲಿ ಕಾಯ್ದೆ ತಿದ್ದಿ ಸಡಿಲ ಮಾಡಿದರು. ಇಷ್ಟಾದರೂ ನಿಮ್ಮ ತಾಲ್ಲೂಕಿನ ಆಸ್ಪತ್ರೆಗೆ ಹೋಗಿ ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆ ಇದೆಯೇ ಎಂದು ಕೇಳಿ ನೋಡಿ. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಹಣ ಪಡೆಯದೆ ಕೊನೆಯ ದಿನಗಳ ಆರೈಕೆ ಮಾಡುವ ಕರುಣಾಶ್ರಯ ಇದೆ. ಪಕ್ಕದ ಕೇರಳ 2008ರಲ್ಲೇ ಉಪಶಮನ ಆರೈಕೆಗೆ ನೀತಿ ರೂಪಿಸಿ, ಪಂಚಾಯಿತಿಗಳನ್ನೂ ಸ್ವಯಂಸೇವಕರನ್ನೂ ಹಚ್ಚಿ ಮನೆಮನೆಗೆ ನರ್ಸ್ ಹೋಗುವಂತೆ ಮಾಡಿತು. ಆದರೆ ನಮ್ಮ ಸಿಂಧನೂರಿನವರೋ ಪಾವಗಡದವರೋ ಕೊನೆಯ ತಿಂಗಳ ನೋವಿಗೆ ಬೆಂಗಳೂರಿನ ಬಸ್ಸು ಹತ್ತಲಾರರು.

ಆದ್ದರಿಂದ ನನ್ನ ನಿಲುವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ತಿಳಿದು, ಯೋಚಿಸಿ, ಯಾರ ಒತ್ತಡವೂ ಇಲ್ಲದೆ ಸಾವಿಗೆ ಸಹಾಯ ಕೇಳುವ ರೋಗಿಯಲ್ಲಿ ನಾನು ಪಾಪ ಕಾಣುವುದಿಲ್ಲ. ಆದರೂ ಇಂದಿನ ಸ್ಥಿತಿಯಲ್ಲಿ ಅದಕ್ಕೆ ಕಾನೂನು ಮಾಡಿ ಎಂದು ಕೇಳಲಾರೆ. ಬದುಕುವುದಕ್ಕೆ ಬೇಕಾದ ಆರೈಕೆ ಕೈಗೆ ಸಿಗದವರ ಮುಂದೆ ಸಾವನ್ನು ಮಾತ್ರ ಇಟ್ಟು ಆರಿಸಿಕೊಳ್ಳಿ ಎಂದರೆ ಅದು ಆಯ್ಕೆಯಾಗುವುದಿಲ್ಲ. ಚಿಕಿತ್ಸೆ ಬೇಡವೆನ್ನುವ ಹಕ್ಕಿನ ಮಾತು ಬೇರೆ. ಅದರಲ್ಲಿ ನನಗೆ ಯಾವ ಹಿಂಜರಿಕೆಯೂ ಇಲ್ಲ. ಆ ಹಕ್ಕು ನಮಗೆ ಸಿಕ್ಕಿ ವರ್ಷಗಳಾಗಿವೆ, ನಾವು ಬಳಸುತ್ತಿಲ್ಲ.

2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಸುಪ್ರೀಂ ಕೋರ್ಟಿನ ತೀರ್ಪನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಮಂತ್ರಿಗಳಾದ ದಿನೇಶ್ ಗುಂಡೂರಾವ್ ಅವರು ಅದನ್ನು ಪ್ರಕಟಿಸಿದಾಗ, ಘನತೆಯ ಸಾವಿಗಾಗಿ ಎರಡು ದಶಕ ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ಬರ ಹೆಸರು ಪತ್ರಿಕೆಗಳಲ್ಲಿ ಮತ್ತೆ ಬಂತು. ಕರ್ನಾಟಕದಲ್ಲಿ ದಯಾಮರಣಕ್ಕೆ ಅವಕಾಶ ಎಂದು ಜನ ತಿಳಿದರು. ಸುತ್ತೋಲೆ ಹೇಳುವುದು ಅಷ್ಟನ್ನಲ್ಲ. ಗುಣವಾಗುವ ಆಸೆಯಿಲ್ಲದೆ ಯಂತ್ರಗಳ ಮೇಲಿರುವವರ ಚಿಕಿತ್ಸೆಯನ್ನು ನಿಲ್ಲಿಸುವ ಕ್ರಮವನ್ನು ಅದು ಹೇಳುತ್ತದೆ. ಚಿಕಿತ್ಸೆ ಕೊಡುತ್ತಿರುವ ವೈದ್ಯರೂ ಇಬ್ಬರು ತಜ್ಞರೂ ಸೇರಿದ ಮೊದಲ ಮಂಡಳಿ ನೋಡಬೇಕು, ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೆಯ ಮಂಡಳಿ ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಎದ್ದು ಓಡಾಡುತ್ತಾ ಸಾವು ಕೇಳುವವರಿಗೆ ಅದರಲ್ಲಿ ದಾರಿಯಿಲ್ಲ.

ಲಿವಿಂಗ್ ವಿಲ್ ಬರೆಯಲು ಮೊದಲು ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಹಾಗಾಗಿ ಬರೆದವರೇ ವಿರಳ. 2023ರ ಜನವರಿ 24ರಂದು ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಅವರ ನೇತೃತ್ವದ ಪೀಠ ಅದನ್ನು ಸರಳ ಮಾಡಿತು. ಈಗ ಹದಿನೆಂಟು ದಾಟಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರೇ ಆಗಲಿ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಮಾತನಾಡಲಾಗದ ಸ್ಥಿತಿ ಬಂದಾಗ ನಿಮ್ಮ ಪರವಾಗಿ ಮಾತನಾಡಬೇಕಾದವರು ಯಾರು ಎಂದು ಹೆಸರಿಸಬಹುದು. ಒಬ್ಬರಿಗಿಂತ ಹೆಚ್ಚು ಜನರನ್ನೂ ಹೆಸರಿಸಬಹುದು. ಮನಸ್ಸು ಬದಲಾದರೆ ಬರೆದು ಹಿಂತೆಗೆದುಕೊಳ್ಳಬಹುದು.

ಕಳೆದ ವರ್ಷ ನಾನು ನನ್ನದನ್ನು ಬರೆದೆ. ಒಂದೂವರೆ ಪುಟ. ಮಗಳ ಹೆಸರನ್ನೂ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹೆಸರನ್ನೂ ಹಾಕಿದ್ದೇನೆ. ಮಗಳು ಓದಿ ಅತ್ತಳು, ಆಮೇಲೆ ನಾನು ಬರೆಯದೆ ಬಿಟ್ಟಿದ್ದ ಎರಡು ಪ್ರಶ್ನೆಗಳನ್ನು ಕೇಳಿದಳು. ಅಪ್ಪಾ, ಕೊನೆಗೆ ಯಾವ ಕೋಣೆಯಲ್ಲಿ ಮಲಗಬೇಕು ಅನಿಸುತ್ತೆ? ನಿನಗೆ ಏನೇ ಆದರೂ ನಿನಗೇ ಮೊದಲು ಹೇಳಬೇಕಾ? ಎರಡಕ್ಕೂ ಉತ್ತರ ಬರೆಸಿಕೊಂಡಳು.

ಈ ಸಭೆಯಿಂದ ಮನೆಗೆ ಹೋದ ಮೇಲೆ ನೋಟರಿಯನ್ನು ಹುಡುಕುವುದು ನಿಧಾನವಾಗಲಿ. ಮೊದಲು ನಿಮ್ಮ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು ಆ ಎರಡು ಪ್ರಶ್ನೆಗಳನ್ನು ಕೇಳಿ. ಇವತ್ತು ಉತ್ತರ ಬರದಿದ್ದರೆ ಬಿಟ್ಟುಬಿಡಿ, ಹಬ್ಬ ಕಳೆದ ಮೇಲೆ ಇನ್ನೊಮ್ಮೆ ಕೇಳಿ.